ಸಾಲಿನ ಕೊನೆಯ ಹಿರಿಯ

ಐವತ್ತು ದಾಟಿದವನು ಕರಾಟೆ ಕಲಿಯಲು ಹೊರಟರೆ ಊರವರಿಗೆ ಮೊದಲು ಬರುವ ಅನುಮಾನ ಅವನ ಆರೋಗ್ಯದ ಬಗ್ಗೆ ಅಲ್ಲ, ಬುದ್ಧಿಯ ಬಗ್ಗೆ. ಶಿರಸಿಯ ಕಡೆ ಈ ವಯಸ್ಸಿನ ಗಂಡಸಿಗೆ ಗೊತ್ತುಮಾಡಿಟ್ಟ ಕೆಲಸಗಳಿವೆ. ಮಳೆ ಹಿಡಿಯುವ ಮೊದಲು ತೋಟಕ್ಕೆ ಕೊಳೆಮದ್ದು ಹೊಡೆಸುವುದು, ಪೇಟೆಗೆ ಹೋದಾಗ ಚಾಲಿ ಅಡಿಕೆಯ ದರ ವಿಚಾರಿಸುವುದು, ಯಕ್ಷಗಾನದ ಆಟದ ರಾತ್ರಿ ಮುಂದಿನ ಕುರ್ಚಿಯಲ್ಲಿ ಕುಳಿತು ಹಿಂದಿನವರ ಕುಣಿತವೇ ಬೇರೆ ಎನ್ನುವುದು, ಮದುವೆಮನೆಯಲ್ಲಿ ಕವಳದ ತಟ್ಟೆಯ ಸಮೀಪ ಜಾಗ ಹಿಡಿಯುವುದು ಇತ್ಯಾದಿ. ಇವುಗಳಲ್ಲಿ ಯಾವುದಕ್ಕೂ ಕಾಲನ್ನು ಸೊಂಟಕ್ಕಿಂತ ಮೇಲೆತ್ತುವ ಅಗತ್ಯವಿಲ್ಲ. ಹೀಗಿರುವಾಗ ನಾನು ಬಿಳಿಯ ಅಂಗಿ, ಬಿಳಿಯ ಪಾಯಜಾಮ, ಬಿಳಿಯ ಬೆಲ್ಟ್ ಚೀಲಕ್ಕೆ ತುಂಬಿಕೊಂಡು ಸಂಜೆ ಹೊರಟರೆ ನೆರೆಮನೆಯವರು “ಯಾರಿಗೆ ಹೊಡೆಯಲಿಕ್ಕೆ ಮಾರಾಯಾ?” ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಡಾಕ್ಟರು ದಿನವೂ ನಡೆಯಬೇಕೆಂದು ಹೇಳಿದ್ದರು. ಜೂನ್ ತಿಂಗಳಲ್ಲಿ ಶಿರಸಿಯಲ್ಲಿ ನಡೆಯಲು ಹೊರಟವನಿಗೆ ನೆತ್ತಿಯ ಮೇಲೊಂದು ಮಾಡು ಬೇಕು. ನನಗೆ ಸಿಕ್ಕ ಮಾಡಿನ ಕೆಳಗೆ ನಡೆಯುತ್ತಿದ್ದದ್ದು ಕರಾಟೆ ಕ್ಲಾಸು. ಕಾರಣ ಇಷ್ಟೇ.

ತರಗತಿಯಲ್ಲಿ ನಿಲ್ಲುವ ಕ್ರಮ ಬೆಲ್ಟಿನ ಬಣ್ಣದ್ದು, ವಯಸ್ಸಿನದ್ದಲ್ಲ. ಒಂದು ತುದಿಯಲ್ಲಿ ಕಂದು ಬೆಲ್ಟಿನ ಹೈಸ್ಕೂಲು ಹುಡುಗಿ, ಆಮೇಲೆ ಹಸಿರು, ಕಿತ್ತಳೆ, ಹಳದಿ, ಇನ್ನೊಂದು ತುದಿಯಲ್ಲಿ ಹಲ್ಲು ಬಿದ್ದ ಎರಡನೇ ಈಯತ್ತೆಯ ಪೋರನ ಪಕ್ಕ ನಾನು. ಈ ಏರ್ಪಾಡು ಬಹಳ ಪುರಾತನವಾದದ್ದೂ ಅಲ್ಲ. ಜೂಡೋವನ್ನು ರೂಪಿಸಿದ ಜಿಗೊರೊ ಕಾನೊ ಬಳಕೆಗೆ ತಂದ ದರ್ಜೆಗಳ ಪದ್ಧತಿಯನ್ನು ಗಿಚಿನ್ ಫುನಾಕೊಶಿ ಕರಾಟೆಗೆ ಅಳವಡಿಸಿಕೊಂಡು, 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಬಾರಿ ಕಪ್ಪು ಬೆಲ್ಟಿನ ದರ್ಜೆ ಕೊಟ್ಟರು. ಆದರೂ ಹಿರಿಯರು ಬಂದರೆ ಎದ್ದು ಜಾಗ ಬಿಡುವ ನಮ್ಮ ಸೀಮೆಯಲ್ಲಿ ಅದು ಉಂಟುಮಾಡುವ ಗಲಿಬಿಲಿ ಸಣ್ಣದಲ್ಲ. ಮೂವತ್ತು ತುಂಬದ ನಮ್ಮ ಮಾಸ್ತರರದ್ದೇ ದೊಡ್ಡ ಸಂಕಟ. ಮಕ್ಕಳಿಗೆ “ಏಯ್, ಮೊಣಕಾಲು ಬಗ್ಗಿಸು” ಎಂದು ಗದರುವ ಅವರು ನನ್ನೆದುರು ಬಂದಾಗ ದನಿ ತಗ್ಗಿಸಿ “ಸರ್, ಮೊಣಕಾಲು ಸ್ವಲ್ಪ ಬಗ್ಗಿದರೆ ಒಳ್ಳೆಯದಿತ್ತು ಸರ್” ಎನ್ನುತ್ತಾರೆ. ಕಂದು ಬೆಲ್ಟಿನ ಹುಡುಗಿಗೆ ಅಂಥ ದಾಕ್ಷಿಣ್ಯವಿಲ್ಲ. ಅವಳು “ಅಂಕಲ್, ಹಿಂದಿನ ಹಿಮ್ಮಡಿ ಎದ್ದಿದೆ” ಎಂದು ಹೇಳಿ ಮುಂದೆ ಹೋಗುತ್ತಾಳೆ. ಕಲಿಸುವವರಲ್ಲಿ ಯಾರು ಮೇಲು ಎಂದು ನನ್ನನ್ನು ಕೇಳಿದರೆ ನಾನು ಹುಡುಗಿಯ ಕಡೆ.

ನಾವು ಮೊದಲು ಕಲಿಯುವ ಕಾತಾ ಹೇಯಾನ್ ಶೋದಾನ್. ಎದುರಾಳಿಯಿಲ್ಲದೆ ಒಬ್ಬರೇ ಮಾಡುವ ಇಪ್ಪತ್ತೊಂದು ಚಲನೆಗಳ ಈ ಸರಣಿ ಎಡಕ್ಕೆ ತಿರುಗಿ ಕೆಳಗಿನ ಹೊಡೆತವನ್ನು ತಡೆಯುವುದರಿಂದ ಆರಂಭವಾಗುತ್ತದೆ. ಇದನ್ನು ಒಳಗೊಂಡ ಐದು ಕಾತಾಗಳನ್ನು ಒಕಿನಾವಾದ ಆಂಕೊ ಇತೊಸು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ತಮಗೆ ಎಪ್ಪತ್ತು ದಾಟಿದ ಮೇಲೆ, ಶಾಲೆಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದರು. ಮಕ್ಕಳಿಗೆಂದು ಮಾಡಿದ್ದು ಮಕ್ಕಳಿಗೇ ಒಗ್ಗುತ್ತದೆ. ನನ್ನ ಪಕ್ಕದ ಪೋರನಿಗೆ ಮುಂದಿನ ಹೆಜ್ಜೆ ಯಾವುದೆಂದು ಕೇಳಿದರೆ ಹೇಳಲು ಬಾರದು, ಆದರೆ ಅವನ ಕಾಲು ಅಲ್ಲಿಗೆ ಹೋಗಿರುತ್ತದೆ. ನನಗೆ ಇಪ್ಪತ್ತೊಂದೂ ಬಾಯಿಪಾಠ. ಕಾಲಿಗೆ ಮಾತ್ರ ಸುದ್ದಿ ತಲುಪಿರುವುದಿಲ್ಲ. ಮುಂದಿನ ಕಾಲನ್ನು ಬಗ್ಗಿಸಿ ಹಿಂದಿನದನ್ನು ನೇರವಾಗಿ ಚಾಚಿ ನಿಲ್ಲುವ ಭಂಗಿಯಲ್ಲಿ ಮೊಣಕಾಲು ಒಳಕ್ಕೆ ಬಾಗದೆ ಪಾದದ ದಿಕ್ಕಿಗೇ ಇರಬೇಕು. ಅದಕ್ಕೆ ಸೊಂಟದ ಕೀಲು ತೆರೆದುಕೊಳ್ಳಬೇಕು. ಜೀವಮಾನವಿಡೀ ಕುರ್ಚಿಯಲ್ಲಿ ಕೂತ ಸೊಂಟ ಇದನ್ನು ಅನಾವಶ್ಯಕ ಬೇಡಿಕೆಯೆಂದು ಭಾವಿಸುತ್ತದೆ. ಮಾಂಸಖಂಡಕ್ಕೆ ಹರಿಯುವಷ್ಟು ರಕ್ತ ಸ್ನಾಯುರಜ್ಜುಗಳಿಗೆ ಹರಿಯದಿರುವುದರಿಂದ ಅವು ಗಟ್ಟಿಯಾಗಲು ಹೆಚ್ಚು ಕಾಲ ಹಿಡಿಯುತ್ತದೆ. ತೋಳು ಬಲಿಯಿತೆಂಬ ಹುಮ್ಮಸ್ಸಿನಲ್ಲಿ ಹಿಮ್ಮಡಿಯ ಮೇಲಿನ ರಜ್ಜುವನ್ನು ಮರೆಯುವುದು ತಡವಾಗಿ ಕಲಿಯುವವರಿಗೆ ಕಾದಿರುವ ಅಪಾಯ. ಆದ್ದರಿಂದ ಮಕ್ಕಳು ಬರುವ ಮೊದಲೇ ಹೋಗಿ ಮೂಲೆಯಲ್ಲಿ ನಿಂತು ಕೈಕಾಲು ಸಡಿಲಿಸಿಕೊಳ್ಳುವುದು ನನ್ನ ರೂಢಿ.

ಸಮಾಧಾನ ಹೇಳುವವರೂ ಇದ್ದಾರೆ, ಆದರೆ ಅವರ ಉದಾಹರಣೆಗಳು ನಿಲ್ಲುವುದಿಲ್ಲ. ಫುನಾಕೊಶಿ 1922ರಲ್ಲಿ ಟೋಕಿಯೊಕ್ಕೆ ಹೋಗಿ ಕರಾಟೆ ಹಬ್ಬಿಸಲು ನಿಂತಾಗ ಅವರಿಗೂ ಐವತ್ತು ದಾಟಿತ್ತು ಎನ್ನುತ್ತಾರೆ. ದಾಟಿದ್ದು ನಿಜ, ಆದರೆ ಅವರು ಕಲಿಯಲು ಆರಂಭಿಸಿದ್ದು ಹುಡುಗರಾಗಿದ್ದಾಗ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಸ್ಪೇನಿನ ಸಾಂಡ್ರಾ ಸಾಂಚೆಸ್ ಕಾತಾ ವಿಭಾಗದ ಚಿನ್ನ ಗೆದ್ದಾಗ ಆಕೆಗೆ 39 ವರ್ಷ. ಆಕೆಯೂ ಬಾಲ್ಯದಲ್ಲೇ ತೊಡಗಿದವಳು. ಅಷ್ಟು ದೂರ ಏಕೆ, ನಮ್ಮ ಹೊನ್ನಾವರ ಸೀಮೆಯ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತರ ಹತ್ತಿರವೂ ಗೆಜ್ಜೆ ಕಟ್ಟಿ ರಂಗಕ್ಕೆ ಬರುತ್ತಿದ್ದರು. ಅವರ ಕಾಲಿಗೆ ತಾಳ ಹತ್ತಿದ್ದು ಎಳವೆಯಲ್ಲಿ. ನಾವು ಬೆರಗಿನಿಂದ ನೋಡುವ ಮುದಿದೇಹಗಳೆಲ್ಲ ಬೇಗ ಆರಂಭಿಸಿದವುಗಳೇ. ತಡವಾಗಿ ಬಂದವನಿಗೆ ಅವರ ಹಾದಿಯಲ್ಲಿ ಪಾಲಿಲ್ಲ, ಅವರ ಗುರಿಯ ಹಂಗೂ ಇಲ್ಲ. ಮನೆಯಲ್ಲಿ, ಕಚೇರಿಯಲ್ಲಿ, ದೇವಸ್ಥಾನದ ಕಮಿಟಿಯಲ್ಲಿ ನನ್ನನ್ನು ತಿದ್ದುವವರು ಒಬ್ಬೊಬ್ಬರಾಗಿ ಇಲ್ಲವಾಗಿರುವ ಈ ವಯಸ್ಸಿನಲ್ಲಿ, ಸಂಜೆಯ ಒಂದು ಗಂಟೆ ಯಾರು ಬೇಕಾದರೂ ನನ್ನನ್ನು ತಿದ್ದಬಹುದು ಎಂಬುದೇ ನನ್ನ ಪಾಲಿನ ಲಾಭ.

ಮಳೆಗಾಲದ ತಾಪತ್ರಯ ಬೇರೆ. ಕರಾಟೆಯ ದಪ್ಪ ಹತ್ತಿಯ ಅಂಗಿ ಆಷಾಢದಲ್ಲಿ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹಾಕಿದರೆ ಒಣಗುತ್ತದೆ, ಆದರೆ ಹೊಗೆಯ ವಾಸನೆ ಹಿಡಿಯುತ್ತದೆ. ನಾನು ಬಾಗಿ ವಂದಿಸಿದರೆ ಪಕ್ಕದ ಪೋರ ಮೂಗು ಹಿಡಿಯುತ್ತಾನೆ.

ಈಗ ಹಳದಿ ಬೆಲ್ಟಿನ ಪರೀಕ್ಷೆ ಬಂದಿದೆ. ಅದರ ಅರ್ಜಿಯಲ್ಲಿ ಹೆಸರು, ತರಗತಿ, ರಕ್ತದ ಗುಂಪುಗಳ ಕೆಳಗೆ ಪಾಲಕರ ಸಹಿಗೆ ಒಂದು ಗೆರೆಯಿದೆ. ಬಿಟ್ಟುಬಿಡಿ ಸರ್ ಎಂದು ಮಾಸ್ತರರು ಹೇಳಿದರೂ, ನಿಯಮವೆಂದರೆ ನಿಯಮವೆಂದು ನಾನು ಕಾಗದವನ್ನು ಮನೆಗೆ ತಂದು ಆಯಿಯ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿ, ಶುಲ್ಕ ಕಟ್ಟಿದ್ದಾಯಿತೇ ಎಂದು ವಿಚಾರಿಸಿ, ದುಂಡಗೆ ಸಹಿ ಹಾಕಿ, ದೊಡ್ಡ ಹುಡುಗರ ಜೊತೆ ಜಗಳಕ್ಕೆ ನಿಲ್ಲಬೇಡ ಎಂದು ಹೇಳಿ ಕೊಟ್ಟಳು.