ಎಲ್ಕ್ ಜಾತ್ರೆಗೆ ಎಲ್ಕೇ ಗೈರು

ಕೊಲೊರಾಡೊದಲ್ಲಿ ಎಲ್ಕ್ ಬೇಟೆಗೆ ಹೊರಡುವವರಿಗೆ ರೈಫಲ್, ದುರ್ಬೀನಿಗಿಂತ ಮೊದಲು ಬೇಕಾದದ್ದು ಗಾಡಿ ನಿಲ್ಲಿಸಲು ಜಾಗ. ನಮ್ಮ ಕಡವೆಯ ಈ ದೂರದ ದಾಯಾದಿ ಅಮೆರಿಕದ ಬೇರಾವ ರಾಜ್ಯದಲ್ಲೂ ಇಷ್ಟು ಸಂಖ್ಯೆಯಲ್ಲಿಲ್ಲ. ಆ ಧೈರ್ಯದ ಮೇಲೆ ರೈಫಲ್ ಬೇಟೆಯ ಎರಡನೇ, ಮೂರನೇ ಸರದಿಯ (ಸೀಸನ್) ಗಂಡು ಎಲ್ಕಿನ ಲೈಸೆನ್ಸನ್ನು ಹಲವು ವಲಯಗಳಲ್ಲಿ ಮಿತಿಯೇ ಇಲ್ಲದೆ ಅಂಗಡಿಯಲ್ಲಿ ಮಾರಿಕೊಂಡು ಬಂದಿದ್ದಾರೆ. ಕೊಂಡವರೆಲ್ಲ ಒಂದೇ ಬೆಳಗಿನ ಜಾವ ಒಂದೇ ಕಾಲುದಾರಿಯ ಬುಡಕ್ಕೆ ಬರುತ್ತಾರೆ. ನಸುಕಿನಲ್ಲಿ ಬೆಟ್ಟ ನೋಡಿದರೆ ಹೆಡ್‌ಲ್ಯಾಂಪುಗಳ ದೀಪೋತ್ಸವ.

ವೇಷಭೂಷಣವೂ ಉತ್ಸವದ್ದೇ. ಆರು ತಿಂಗಳು ಹುಡುಕಿ ಎಲೆ-ತೊಗಟೆ ಚಿತ್ತಾರದ ಬಟ್ಟೆ ಕೊಂಡವರು ಅದರ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ತೊಡಬೇಕು. ಟೋಪಿಯೂ ಅದೇ ಬಣ್ಣದ್ದು. ಎಲ್ಕಿಗೆ ಆ ಬಣ್ಣ ಎದ್ದು ಕಾಣುವುದಿಲ್ಲ, ಪಕ್ಕದ ಬೇಟೆಗಾರನಿಗೆ ಕಾಣಬೇಕು. ಅಲ್ಲಿಗೆ ಪಕ್ಕದಲ್ಲಿ ಏನಿದೆ ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು.

ಎಲ್ಕಿಗೆ ಕಣ್ಣಿನ ಹಂಗೂ ಇಲ್ಲ, ಮೂಗು ಸಾಕು. ಮುಂಜಾನೆ ತಣ್ಣನೆಯ ಗಾಳಿ ಇಳಿಜಾರಿನ ಕೆಳಕ್ಕೆ ಹರಿಯುತ್ತದೆ. ಬಿಸಿಲು ತಾಗಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಆದ್ದರಿಂದ ಕತ್ತಲಲ್ಲೇ ಮೇಲೆ ಸೇರಿ, ಹೊತ್ತೇರಿದಾಗ ಮಂದೆಗಿಂತ ಎತ್ತರದಲ್ಲಿರಬೇಕು. ತಡವಾಗಿ ಎದ್ದು ಕಾಫಿ ಮುಗಿಸಿ ಹತ್ತುವವನ ಬೆವರು ಅವನಿಗಿಂತ ಮುಂಚೆ ಶಿಖರ ಮುಟ್ಟುತ್ತದೆ. ಹಾಗೆ ಹತ್ತುವವರು ನಲವತ್ತು ಜನ. ಒಂಬತ್ತು ಗಂಟೆಗೆ ಮಂದೆ ದನ ಸಾಕುವ ಯಾವುದೋ ಖಾಸಗಿ ರ‍್ಯಾಂಚಿನ ಹುಲ್ಲಿನಲ್ಲಿ ಮೆಲುಕು ಹಾಕುತ್ತಿರುತ್ತದೆ.

ನಾವೂ ಬೇಲಿ ದಾಟೋಣವೆಂದರೆ ಅದಕ್ಕೆ ಬೇರೆ ಪುರಾಣ. ಪಕ್ಕದ ವಯೋಮಿಂಗಿನಲ್ಲಿ ಸರ್ಕಾರಿ, ಖಾಸಗಿ ಜಮೀನು ಚದುರಂಗದ ಮನೆಗಳಂತೆ ಹೆಣೆದುಕೊಂಡಿವೆ. 2021ರಲ್ಲಿ ನಾಲ್ವರು ಬೇಟೆಗಾರರು ಎರಡು ಸರ್ಕಾರಿ ಮನೆಗಳು ಕೂಡುವ ಮೂಲೆಯ ಮೇಲೆ ಏಣಿ ನಿಲ್ಲಿಸಿ, ಖಾಸಗಿ ಮಣ್ಣಿಗೆ ಕಾಲು ತಾಗಿಸದೆ ದಾಟಿದರು. ಮಣ್ಣಿನ ಮೇಲಿನ ಗಾಳಿಯೂ ತಮ್ಮದೇ ಎಂದಿತು ರ‍್ಯಾಂಚು. 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ತೀರ್ಪಿತ್ತಿತು. ಅಷ್ಟೂ ವರ್ಷ ಎಲ್ಕ್ ಏಣಿಯಿಲ್ಲದೆ, ವಕೀಲರಿಲ್ಲದೆ ಬೇಲಿ ಹಾರುತ್ತಲೇ ಇತ್ತು.

ಇಷ್ಟರ ನಡುವೆಯೂ ಯಾರಿಗಾದರೂ ಒಂದು ಬಿತ್ತೆನ್ನಿ. ಮುನ್ನೂರು ಕಿಲೋ ಪ್ರಾಣಿ, ಕಂಬಳಿಯಂಥ ಚರ್ಮ. ಹಿಮದಲ್ಲಿ ಬಿದ್ದಿದ್ದರೂ ಒಳಗಿನ ಕಾವು ಇಳಿಯದು. ಹಿಂದಿನ ತೊಡೆಯ ಮೂಳೆ ಪಕ್ಕದ ಮಾಂಸವೇ ಮೊದಲು ಹಳಸುವುದು. ತಕ್ಷಣ ಸುಲಿದು, ತೊಡೆ ಬಿಡಿಸಿ, ಮೂಳೆಯವರೆಗೆ ಸೀಳಿ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿ ನೆರಳಿಗೆ ತೂಗುಹಾಕಬೇಕು. ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಕೆಟ್ಟಿತು. ಮೂಳೆ ತೆಗೆದ ಮೇಲೂ ಸುಮಾರು ತೊಂಬತ್ತು ಕಿಲೋ. ಬೆನ್ನಿಗೆ ಇಪ್ಪತ್ತು-ಇಪ್ಪತ್ತೈದರಂತೆ ನಾಲ್ಕೈದು ಸುತ್ತು, ಮೂರು ಸಾವಿರ ಮೀಟರ್ ಎತ್ತರದಲ್ಲಿ. ಪ್ರತಿ ಸುತ್ತಿನಲ್ಲೂ ಎದುರಾಗುವ ಕಿತ್ತಳೆ ಟೋಪಿಗಳು ಅಭಿನಂದಿಸಿ, 'ಎಲ್ಲಿ ಸಿಕ್ಕಿತು?' ಎಂದು ಪಿಸುಗುಟ್ಟಿ, ಕೊನೆಗೆ ಅವನು ಬಂದ ದಾರಿಯನ್ನೇ ಹಿಡಿದು ಹತ್ತುತ್ತವೆ.

ಐದನೇ ಹೊರೆ ಇಳಿಸುವ ಹೊತ್ತಿಗೆ ಅವನ ಪಿಕಪ್ಪಿಗೆ ಅಡ್ಡಲಾಗಿ ಯಾರೋ ಟ್ರೈಲರ್ ನಿಲ್ಲಿಸಿ ಬೆಟ್ಟ ಹತ್ತಿರುತ್ತಾರೆ.