ಕುಂಬಳೆಯ ‘ಟಿಪ್ಪು ಕತ್ತಿ’: ಒಂದು ಸ್ಪಷ್ಟನೆ

ಕುಂಬಳೆ ಸಮೀಪದ ಹಳೆಯ ಮನೆಯೊಂದರ ಅಟ್ಟದಲ್ಲಿ ಸಿಕ್ಕಿದ ಬಾಗಿದ ಕತ್ತಿಯು ಬೇಕಲ ಕೋಟೆಯಲ್ಲಿದ್ದ ಟಿಪ್ಪು ಸುಲ್ತಾನನ ಸೈನಿಕನದೆಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ. ಸಂದೇಶದ ಜೊತೆಗಿರುವ ಚಿತ್ರದಲ್ಲೇ, ಅಲಗಿನ ಬುಡದಲ್ಲಿ 1943 ಎಂಬ ಇಸವಿಯೂ ಸರ್ಕಾರಿ ಸ್ವತ್ತೆಂದು ಸೂಚಿಸುವ ಬ್ರಿಟಿಷ್ ಕಾಲದ ಬಾಣದ ಗುರುತೂ ಕಾಣುತ್ತವೆ. ಟಿಪ್ಪು ಮಡಿದದ್ದು 1799ರಲ್ಲಿ. ಇದು ಎರಡನೆಯ ಮಹಾಯುದ್ಧದ ಕಾಲದ ಸೇನಾ ಕುಕ್ರಿ, ಅಂದರೆ ನೇಪಾಳಿ ಮಾದರಿಯ ಬಾಗಿದ ಕತ್ತಿ; ಮುಖ್ಯವಾಗಿ ಗೂರ್ಖಾ ಪಡೆಗಳ ಆಯುಧ. ಅಂಥವು ಅಪಾರ ಸಂಖ್ಯೆಯಲ್ಲಿ ತಯಾರಾದುದರಿಂದ, ಇಸವಿ ಮತ್ತು ಬಾಣದ ಗುರುತಿನಿಂದ ಅದನ್ನು ಹಿಡಿದಿದ್ದವನ ಹೆಸರು ತಿಳಿಯದು. ಹಿಡಿಯ ಮೇಲೋ ಚರ್ಮದ ಒರೆಯ ಹಿಂಬದಿಯಲ್ಲೋ ಕೊರೆದ ಹೆಸರು, ಸೇನಾ ಸಂಖ್ಯೆ ಇದ್ದರೆ ರೆಜಿಮೆಂಟಿನ ದಾಖಲೆ ಕಚೇರಿಯಲ್ಲಿ ವಿಚಾರಿಸಬಹುದು. ಉಜ್ಜಿದರೆ ಅಂಥ ಬರಹ ಅಳಿಸಿಹೋಗಬಹುದು; ಆದ್ದರಿಂದ ಮನೆಯವರು ಸದ್ಯಕ್ಕೆ ಅದನ್ನು ಉಜ್ಜಿ ಬೆಳಗದಿರುವುದು ಒಳಿತು.