ಒಟಿಪಿ ಯಾರ ಮೊಬೈಲಿಗೆ ಬರುತ್ತೆ?

ಮನೆಯಲ್ಲಿ ಯಜಮಾನಿಕೆ ಯಾರದು ಅಂತ ತಿಳಿಯೋಕೆ ಯಾರು ಜಾಸ್ತಿ ಕೂಗಾಡ್ತಾರೆ ಅಂತ ನೋಡಬೇಡಿ. ಬ್ಯಾಂಕಿನ ಒಟಿಪಿ ಯಾರ ಮೊಬೈಲಿಗೆ ಬರುತ್ತೆ ಅಂತ ಕೇಳಿ, ಸಾಕು.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು. ತಿಂಗಳಿಗೆ 2,000 ರೂಪಾಯಿ, ನೇರ ಮನೆಯೊಡತಿಯ ಖಾತೆಗೆ. ಒಳ್ಳೆಯದೇ, ತಕರಾರಿಲ್ಲ. ಆದರೆ ಆ ಖಾತೆಗೆ ಕೊಟ್ಟಿರೋ ನಂಬರ್ ಗಂಡನದೋ ಮಗನದೋ ಆಗಿದ್ದರೆ? ಮೆಸೇಜ್ ನೋಡೋದು ಅವನು, ಎಟಿಎಂ ಕಾರ್ಡ್ ಅವನ ಪರ್ಸಲ್ಲಿ. "ದುಡ್ಡು ಬಂತೇನ್ರೀ?" ಅಂತ ತನ್ನ ದುಡ್ಡಿನ ಸುದ್ದಿಯನ್ನ ಅವಳೇ ಅವನ ಹತ್ತಿರ ಕೇಳಬೇಕು.

ಇದೇನು ಬಡವರ ಮನೆಯ ಕಥೆ ಮಾತ್ರ ಅಲ್ಲ. ಗಂಡನಷ್ಟೇ ಸಂಬಳ ತರೋ ಹೆಂಗಸರೂ "ಅದೆಲ್ಲ ಇವರೇ ನೋಡ್ಕೋತಾರೆ" ಅನ್ನೋದನ್ನ ಕೇಳಿದ್ದೀನಿ, ಅದೂ ಹೆಮ್ಮೆಯಿಂದ. ಹಿಡಿತ ಬೈಗುಳವಾಗಿಯೇ ಬರಬೇಕಿಲ್ಲ. "ನಿನಗ್ಯಾಕೆ ಈ ತಲೆನೋವು, ನಾನಿಲ್ವಾ?" ಅನ್ನೋ ಅಕ್ಕರೆಯಲ್ಲೂ ಬರುತ್ತೆ. ಹೇಳೋನ ಮನಸ್ಸಲ್ಲಿ ಕಪಟ ಇಲ್ಲದೆಯೂ ಇರಬಹುದು. ವರ್ಷಗಟ್ಟಲೆ ಯಾರಿಗೂ ಏನೂ ಅನ್ನಿಸಲ್ಲ. ಒಂದು ದಿನ ಜಗಳ ಆಗಿ ತವರಿಗೆ ಹೊರಟರೆ, ಶಕ್ತಿ ಯೋಜನೆ ದಯೆಯಿಂದ ಬಸ್ಸೇನೋ ಫ್ರೀ, ಇಳಿದ ಮೇಲೆ ಆಟೋಗೆ ಕೊಡೋಕೆ ಕೈಯಲ್ಲಿ ಕಾಸಿಲ್ಲ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತ ಬಡಿತದ ಜೊತೆಗೆ ಆರ್ಥಿಕ ದೌರ್ಜನ್ಯವನ್ನೂ ಹೆಸರಿಟ್ಟು ಹೇಳುತ್ತೆ. ಅವಳಿಗೆ ಹಕ್ಕಿರೋ ದುಡ್ಡು ಸಿಗದ ಹಾಗೆ ಮಾಡೋದು, ಸ್ತ್ರೀಧನ ಮಾರಿಬಿಡೋದು, ಎಲ್ಲ ಅದರೊಳಗೆ ಬರುತ್ತೆ. ಬ್ಯಾಂಕಿನವರಂತೂ ಇನ್ನೂ ಖಡಕ್. ಬೆಂಗಳೂರಿನ ಬಾಣಂತಿಯೊಬ್ಬರು 2013ರಲ್ಲಿ ಗಂಡನ ಕೈಗೆ ಕಾರ್ಡೂ ಪಿನ್ನೂ ಕೊಟ್ಟು 25,000 ತರೋಕೆ ಕಳಿಸಿದರು. ಮೆಷಿನ್ನಿಂದ ಚೀಟಿ ಬಂತು, ದುಡ್ಡು ಬರಲಿಲ್ಲ. 2018ರಲ್ಲಿ ಗ್ರಾಹಕರ ವೇದಿಕೆ ದೂರನ್ನೇ ವಜಾ ಮಾಡಿತು, ಪಿನ್ ಇನ್ನೊಬ್ಬರಿಗೆ ಕೊಟ್ಟಿದ್ದೇ ನಿಯಮಕ್ಕೆ ವಿರುದ್ಧ ಅಂತ. ಬಾಣಂತಿ ಹಸುಗೂಸು ಎತ್ತಿಕೊಂಡು ಎಟಿಎಮ್ಮಿಗೆ ಹೋಗಬೇಕಿತ್ತಾ ಅನ್ನೋದು ಬೇರೆ ಮಾತು. ನಿಯಮದ ಕಣ್ಣಲ್ಲಿ ಗಂಡನೂ 'ಇನ್ನೊಬ್ಬ'ನೇ ಅನ್ನೋದು ಮಾತ್ರ ನನಗೆ ತಲೆಯಲ್ಲಿ ಉಳೀತು.

ಗಂಡಸರೂ ಇದರಿಂದ ಪಾರಾಗಲ್ಲ, ಸ್ವಲ್ಪ ತಡವಾಗುತ್ತೆ ಅಷ್ಟೇ. ಜೀವಮಾನವಿಡೀ ಬೀರುವಿನ ಕೀ ಜನಿವಾರಕ್ಕೋ ಉಡಿದಾರಕ್ಕೋ ಕಟ್ಟಿಕೊಂಡು ಓಡಾಡಿದ ಅಪ್ಪಂದಿರು ಇವತ್ತು "ನನ್ನ ಪೆನ್ಶನ್ ಆಯ್ತೇನೋ?" ಅಂತ ಮಗನ್ನ ಕೇಳ್ತಾರೆ. ಸ್ಮಾರ್ಟ್‌ಫೋನ್ ಬರಲ್ಲ ಅಂತ ಬ್ಯಾಂಕಿಗೆ ಮಗನ ನಂಬರ್ ಕೊಟ್ಟಿದ್ದು ಅವರೇ. ದಾನಪತ್ರವನ್ನೂ ಹೀಗೇ ಪ್ರೀತಿಯಲ್ಲಿ ಬರೆದುಕೊಟ್ಟುಬಿಡ್ತಾರೆ. ಕೊನೆವರೆಗೂ ನೋಡಿಕೊಳ್ಳಬೇಕು ಅನ್ನೋ ಷರತ್ತು ಅದರಲ್ಲಿದ್ದರೆ, ನೋಡಿಕೊಳ್ಳದ ಮಕ್ಕಳ ಹೆಸರಿನ ಪತ್ರವನ್ನ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ರದ್ದು ಮಾಡಿಸಬಹುದು. ಮಗನ ಹತ್ತಿರ ಎಂಥ ಷರತ್ತು ಅಂತ ನಾಚಿಕೊಳ್ಳೋರೇ ಜಾಸ್ತಿ.

ಲೆಕ್ಕಪತ್ರ ಒಬ್ಬರೇ ನೋಡಿಕೊಳ್ಳೋದು ತಪ್ಪು ಅಂತ ನಾನು ಹೇಳ್ತಿಲ್ಲ. ನಮ್ಮನೇಲೂ ಕರೆಂಟ್ ಬಿಲ್ ಯಾರು ಕಟ್ಟೋದು ಅಂತ ದಿನಾ ಸಭೆ ಸೇರಲ್ಲ. ಕೇಳದೆ, ಕಾರಣ ಹೇಳದೆ, ನಿಮ್ಮ ದುಡ್ಡಿಂದ ಐನೂರು ರೂಪಾಯಿ ತೆಗೀಬಹುದಾ ಅನ್ನೋದೊಂದನ್ನೇ ನಾನು ನೋಡೋದು.

ಖಾತೆಗೆ ಕೊಟ್ಟಿರೋ ಮೊಬೈಲ್ ನಂಬರ್ ಬದಲಾಯಿಸೋದು ದೊಡ್ಡ ಕೆಲಸ ಅಲ್ಲ. ಪಾಸ್‌ಬುಕ್, ಆಧಾರ್ ಹಿಡಿದು ನಿಮ್ಮ ಬ್ರಾಂಚಿಗೆ ಹೋಗಿ ಒಂದು ಫಾರಂ ತುಂಬಿಕೊಟ್ಟರೆ ಆಯ್ತು. ಹೋಗೋ ಮುಂಚೆ ಮನೇಲೊಂದು ಮಾತು ಹೇಳಿ ನೋಡಿ. "ಈಗ್ಯಾಕೆ ಅದೆಲ್ಲ?" ಅಂತ ಮೊದಲು ಕೇಳೋದು ಯಾರು ಅಂತ ಗೊತ್ತಾಗುತ್ತೆ.